ಹೂಂ ಅನ್ನದ ಸಂಜೆ

ಹೊಳೆದಂಡೆಯ ಆಶ್ರಮದಲ್ಲಿ ನಿರುಪಾದಜ್ಜ ದಿನಾ ಸಂಜೆ ಒಂದಿಷ್ಟು ಕಥೆ ಹೇಳುತ್ತಿದ್ದರು.

ವೇದಾಂತದ ಕಥೆಯಲ್ಲ. ಚುಕ್ಕಿಗಳ ನಡುವೆ ಹಾರುವ ಒಂದು ಹಡಗು, ಅದರಲ್ಲಿ ಅಡುಗೆಯ ಗೌರಕ್ಕ, ದಾರಿ ತೋರಿಸುವ ಮಾತಿನಮಲ್ಲ ಯಂತ್ರ ಜಂಭಣ್ಣ. ಅಲ್ಲಿ ಯಾವುದಕ್ಕೂ ತೂಕವಿಲ್ಲ. ಗೌರಕ್ಕ ತಟ್ಟಿದ ರೊಟ್ಟಿ ಹೆಂಚು ಬಿಟ್ಟು ಹಾರಿಹೋಗುತ್ತಿತ್ತು. ಜಂಭಣ್ಣ ಎಲ್ಲಿಗೋ ಹೊರಟು ಇನ್ಯಾವುದೋ ಗ್ರಹದ ಮದುವೆ ಚಪ್ಪರದ ಮೇಲೆ ಹಡಗು ಇಳಿಸುತ್ತಿದ್ದ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಕಥೆಗೆ ಹೂಂಗುಟ್ಟುವ ಕೆಲಸ ಶಿಷ್ಯ ಮಹಾಂತನದು. ಅವನು ‘ಹೂಂ’ ಅಂದರೆ ಕಥೆ ಮುಂದಕ್ಕೆ, ಇಲ್ಲದಿದ್ದರೆ ಅಜ್ಜ ಅಲ್ಲೇ ನಿಲ್ಲಬೇಕು. ಅಜ್ಜನ ಗುರುಗಳ ಕಾಲದಿಂದ ಬಂದ ಪದ್ಧತಿ ಅದು.

ಮಳೆಗಾಲ ಕಳೆದ ಮೇಲೆ ಅಜ್ಜನಿಗೆ ಕೆಮ್ಮು ಹತ್ತಿತು. ಕಥೆಯೂ ಬೇರೆ ದಾರಿ ಹಿಡಿಯಿತು. ಹಡಗು ಚುಕ್ಕಿಗಳೇ ಇಲ್ಲದ ಕಡೆಗೆ ಹೋಯಿತು. ಗೌರಕ್ಕ ರೊಟ್ಟಿ ತಟ್ಟುವುದು ಬಿಟ್ಟು ಕಿಟಕಿಯ ಬಳಿ ಕೂತಳು.

ಕೇಳುವವರಲ್ಲಿ ಎರಡು ಪಂಗಡವಾಯಿತು.

“ನಾವು ನಗಾಕ ಬರೋರು. ದಿನಾ ಅಳಿಸಿ ಕಳಸ್ತಾರ,” ಅಂದಳು ಪಾರವ್ವ. “ಮೊದಲಿನ ಕಥಿನ ಬೇಕು ನಮಗ.”

“ಎಷ್ಟಂತ ರೊಟ್ಟಿ ಹಾರಸ್ತಾರ, ಪಾರವ್ವಾ? ಈಗ ನೋಡು, ಕಥಿಗೆ ಜೀವ ಬಂದೈತಿ,” ಅಂದ ಫಕೀರಪ್ಪ.

“ಜೀವ ಬಂದೈತೋ, ಹೋಗಾಕತ್ತೈತೋ?”

ಮಹಾಂತ ಅದನ್ನು ಕೇಳಿಸಿಕೊಂಡ. ಹಡಗು ಕತ್ತಲಿಗೆ ಹೋದಷ್ಟೂ ಅಜ್ಜ ಸೊರಗುತ್ತಿದ್ದರು. ಕಥೆ ಮುಗಿದ ದಿನ ಅಜ್ಜನೂ ಮುಗಿಯುತ್ತಾರೆ ಎಂಬ ಭಯ ಅವನೊಳಗೆ ಹೊಕ್ಕು ಕೂತಿತ್ತು. ಯಾರ ಮುಂದೆ ಹೇಳಿದರೂ ನಗೆಪಾಟಲು. ಅನ್ನ ಸೇರುತ್ತಿರಲಿಲ್ಲ.

ಒಂದು ಸಂಜೆ ಅಜ್ಜ ಹೇಳಿದರು: “ಜಂಭಣ್ಣನ ದೀಪ ಒಂದೊಂದ ಆರಿದವು. ಕಡೀ ದೀಪ ಮಿಣುಕಾಕತ್ತಿತು...”

ಮಹಾಂತ ಹೂಂ ಅನ್ನಲಿಲ್ಲ.

ಅಜ್ಜ ಕಾದರು. ಮಹಾಂತ ತುಟಿ ಬಿಗಿಹಿಡಿದು ಕೂತ. ಅಜ್ಜ ಎದ್ದು ಒಳಗೆ ಹೋದರು.

ಮರುದಿನವೂ ಅಷ್ಟೇ, ಅದರ ಮರುದಿನವೂ ಅಷ್ಟೇ. ಅಷ್ಟು ದಿನ ಕಚ್ಚಾಡಿದ ಪಾರವ್ವ, ಫಕೀರಪ್ಪ ಈಗ ಒಂದಾದರು, ಮಹಾಂತನನ್ನು ಬೈಯುವುದಕ್ಕೆ. ಅವನು ಬೈಸಿಕೊಂಡ, ಬಾಯಿ ಬಿಡಲಿಲ್ಲ. ಅಜ್ಜನ ಕೆಮ್ಮು ಮಾತ್ರ ಹೆಚ್ಚುತ್ತಲೇ ಹೋಯಿತು.

ಕೊನೆಗೆ ಮಹಾಂತ ಹೋಗಿ ಮಲಗಿದ್ದ ಅಜ್ಜನ ಕಾಲು ಹಿಡಿದ.

“ಅಜ್ಜಾರ, ಹಡಗ ಹಿಂದಕ್ಕ ತಿರುಗಿಸ್ರಿ. ಮೊದಲಿನಂಗ ರೊಟ್ಟಿ ಹಾರಲಿ. ನನಗ ಭಾಳ ಅಂಜಿಕಿ ಆಗೈತಿ. ನೀವು...”

“ನಾ ಸಾಯ್ತೀನಂತ ಅಂಜೀಯೇನು?”

ಮಹಾಂತ ಅತ್ತುಬಿಟ್ಟ.

“ನೀ ಹೂಂ ಅನ್ನದಿದ್ದರ ಉಳಿತೀನಿ ಅಂದ್ಕೊಂಡಿ.”

“ಹೌದ್ರಿ.”

“ಗೌರಕ್ಕ ಈಗ ಎಲ್ಲಿ ಅದಾಳ?”

“ಕಿಟಕಿ ಹತ್ರ. ಕತ್ತಲದಾಗ.”

“ಅಕಿಗೆ ಅಂಜಿಕಿ ಇಲ್ಲೇನು?”

ಮಹಾಂತನಿಗೆ ಇದು ಹೊಳೆದೇ ಇರಲಿಲ್ಲ. ದೀಪ ಆರಬಾರದೆಂದು ಅವನು ಬಾಯಿ ಮುಚ್ಚಿದ್ದ. ಆರಲಿರುವ ದೀಪದ ಎದುರು ಗೌರಕ್ಕ ಕಥೆ ನಿಂತ ಅಷ್ಟೂ ದಿನ ಒಬ್ಬಳೇ ಕೂತಿದ್ದಳು.

ಅಜ್ಜ ಮೆಲ್ಲಗೆ ಎದ್ದು ಕೂತು ಅವನ ಕೈ ಹಿಡಿದುಕೊಂಡರು. ಹಿಡಿದವರು ಬಿಡಲಿಲ್ಲ.

“ಕಡೀ ದೀಪ ಮಿಣುಕಾಕತ್ತಿತು,” ಅಂದರು.

ಮಹಾಂತ ಬಾಯಿ ತೆರೆದ, ಹೂಂ ಬದಲು ಪ್ರಶ್ನೆ ಬಂತು.

“ಮುಂದ ಏನಾಗ್ತೈತಿ ಅಂತ ನಿಮಗ ಗೊತ್ತೈತೇನ್ರಿ, ಅಜ್ಜಾರ?”

“ಗೊತ್ತಿದ್ದರ ನಿನ್ನ ಹೂಂ ನನಗ್ಯಾಕ ಬೇಕಿತ್ತೋ, ಮಹಾಂತಾ?”