ಬಾಣ ಇಡದೆ ಎಳೆದ ಬಿಲ್ಲು

ಈ ಸಲ ಹೇಳೋದ್ರಲ್ಲಿ ಒಂದಕ್ಷರ ಸುಳ್ಳಿಲ್ಲ. ಹೆದೆ ಎಳೆಯೋ ಈ ಮೂರು ಬೆರಳ ಮೇಲೆ ಆಣೆ. ಹೋದ ಸಲದ ಕತೇಲಿ ಹುಲಿಗಳು ಒಂದೆರಡು ಜಾಸ್ತಿ ಆಗಿದ್ವು, ಒಪ್ಕೊಳ್ತೀನಿ. ಇದ್ರಲ್ಲಿ ಹುಲೀನೇ ಇಲ್ಲ.

ಪ್ರಶ್ನೆ ಕೇಳಿದ್ದು ತಿಪ್ಪೇಶ. ಕರೆಂಟ್ ಕಂಬ ಹತ್ತೋ ಲೈನ್‌ಮನ್. ಬಿಲ್ಲುವಿದ್ಯೆ ಕಲೀತೀನಿ ಅಂತ ನಾಲ್ಕು ತಿಂಗಳಿಂದ ಪ್ರತಿ ಭಾನುವಾರ ನನ್ನ ಹತ್ರ ಬರ್ತಾನೆ.

"ತಾತ, ಬಿಚ್ಚಿ ಜೋಡಿಸೋ ಬಿಲ್ಲು ಮೂರು ಆರಿಸಿ ಇಟ್ಕೊಂಡಿದ್ದೀನಿ," ಅಂದ. "ಮೂರೂ ನನ್ನ ಸಂಬಳಕ್ಕೆ ಎಟುಕೋವೇ. ಯಾವುದು ತಗೊಳ್ಳಲಿ?"

ಮೊಬೈಲ್ ತೆಗೆದು ತೋರಿಸ್ದ. ಒಂದರ ಹಿಡಿ ನುಣುಪಂತೆ, ಅಂಗೈಲಿ ಒಪ್ಪವಾಗಿ ಕೂರುತ್ತಂತೆ. ಇನ್ನೊಂದರ ತೋಳು, ಅಂದ್ರೆ ಹಿಡಿಯ ಮೇಲೆ ಕೆಳಗೆ ಬಾಗೋ ಭಾಗ, ಬಿದಿರಿನ ಪದರದ್ದು, ಬಾಣ ಜೋರಾಗಿ ಹೋಗುತ್ತಂತೆ. ಮೂರನೇದಕ್ಕೆ ಈಗ ಎಳೆಯೋಕೆ ಇಪ್ಪತ್ತೈದು ಪೌಂಡ್ ಬಲ ಸಾಕಾಗೋ ತೋಳು ಹಾಕ್ಕೊಂಡು, ಕೈ ಬಲಿತ ಮೇಲೆ ಬರೀ ತೋಳು ಬದಲಾಯಿಸಿ ನಲವತ್ತಕ್ಕೆ ಹೋಗಬಹುದಂತೆ. ಆದ್ರೆ ಅದರ ಸ್ಕ್ರೂ ಹಿತ್ತಾಳೇದಲ್ಲ ಅಂತ ಯಾರೋ ಬರೆದಿದ್ದಾರಂತೆ. ಹೊಸದು ತಗೊಳ್ಳೋವರೆಗೂ ನನ್ನ ಹಳೇ ಬಿಲ್ಲಲ್ಲಿ ಹೊಡಿಯಪ್ಪ ಅಂತ ಮೊದಲ ಭಾನುವಾರವೇ ಹೇಳಿದ್ದೆ. ಹಳೇದಕ್ಕೆ ಕೈ ಪಳಗಿದ್ರೆ ಹೊಸದಕ್ಕೆ ಒಗ್ಗಲ್ಲ ಅಂತ ವಿಡಿಯೋದಲ್ಲಿ ಒಬ್ಬ ಹೇಳಿದ್ದಾನಂತೆ. ಅದಕ್ಕೆ ಇವತ್ತಿನವರೆಗೂ ಒಂದು ಬಾಣಾನೂ ಬಿಡದೆ ಕಲ್ಲಿನ ಮೇಲೆ ಕೂತು ಮೂರನ್ನೂ ಹೋಲಿಸ್ತಾ ಇರ್ತಾನೆ.

ಮೊಬೈಲ್ ಜೇಬಿಗೆ ಹಾಕು, ಕೇಳು ಅಂದೆ.

ಒಂದೂರಲ್ಲಿ ಒಬ್ಬ ಪಾಳೇಗಾರ ಇದ್ದ. ಅವನ ಮೀಸೆಯ ಎರಡು ತುದಿ ಹಿಡ್ಕೊಂಡು ನಿಲ್ಲೋಕೆ ಇಬ್ಬರು ಆಳು. ತಿಪ್ಪೇಶ ನನ್ನ ಮುಖ ನೋಡ್ದ. ಆಣೆ ಹಾಕಿದ್ದೀನಲ್ಲ ಅಂದೆ.

ಆ ಪಾಳೇಗಾರನಿಗೆ ಬಿಲ್ಲಿನ ಹುಚ್ಚು. ವರ್ಷಕ್ಕೊಂದ್ಸಲ ಸೀಮೆಯಲ್ಲಿ ಬಿಲ್ಲು ಕೆತ್ತೋರನ್ನೆಲ್ಲಾ ಚಾವಡಿಗೆ ಕರೆಸ್ತಿದ್ದ. ಒಂದೊಂದೇ ಬಿಲ್ಲು ಕೈಗೆ ತಗೊಂಡು, ಬಾಣ ಇಡದೆ, ಬರೀ ಹೆದೆಯನ್ನ ಕಿವಿತನಕ ಎಳೆದು ಬಿಡ್ತಿದ್ದ. ಕಣ್ಣು ಮುಚ್ಚಿ ಸದ್ದು ಕೇಳ್ತಿದ್ದ. ಯಾವುದು ಚೆನ್ನಾಗಿ ಮೊಳಗ್ತೋ ಅದೇ ಒಳ್ಳೇ ಬಿಲ್ಲು. ಅದಕ್ಕೆ ಹಾರ ಹಾಕಿ ಗೋಡೆಗೆ ನೇತು ಹಾಕಿಸ್ತಿದ್ದ. ಯಾವುದು ಸೀಳ್ತೋ ಅದು ಕಳ್ಳ ಬಿಲ್ಲು. ಅದನ್ನ ಕೆತ್ತಿದೋನ ಹತ್ರ ಮರ ಕೆತ್ತೋ ಬಾಚಿ ಕಿತ್ಕೊಂಡು, ಇನ್ನು ಮೇಲೆ ಮರ ಮುಟ್ಟಬೇಡ ಅಂತ ಓಡಿಸ್ತಿದ್ದ. ಬಾಚಿ ಹೋದ್ರೆ ಕೆತ್ತೋನ ಅನ್ನವೇ ಹೋಯ್ತು. ಬಿಲ್ಲು ಯಾಕೆ ಸೀಳುತ್ತೆ ಅಂತ ಕೆತ್ತೋರಿಗೆಲ್ಲಾ ಗೊತ್ತಿತ್ತು. ಹೇಳೋಕೆ ಬಾಯಿ ಇರ್ಲಿಲ್ಲ. ಬರ್ತಾ ಬರ್ತಾ ಅವರು ಬಾಣ ಹೋಗೋ ಬಿಲ್ಲು ಬಿಟ್ಟು ಸದ್ದು ಬರೋ ಬಿಲ್ಲು ಕೆತ್ತೋಕೆ ಶುರು ಮಾಡಿದ್ರು.

ಅಲ್ಲಿ ಇನ್ನೊಂದು ಕಟ್ಟಳೆ ಇತ್ತು. ಬಿಲ್ಲಿಗೆ ಆಗಿಬರೋ ಮರ ತಡಸಲು. ಆಳುದ್ದದ ತಡಸಲೆಲ್ಲಾ ಅರಮನೆಗೆ ಸೇರಿದ್ದು. ಒಡೆಯನಿಗೆ ಬೇಕಾದೋರಿಗೆ ಮಾತ್ರ ಸಿಗೋದು. ಒಬ್ಬ ಬಡ ಕೆತ್ತೋನಿಗೆ ಅದರ ಮೋಟು ತುಂಡು ಬಿಟ್ರೆ ಏನೂ ಸಿಗ್ತಿರ್ಲಿಲ್ಲ. ಅವ್ನು ಹಣೆಬರಹ ಅಂತ ಕೂರಲಿಲ್ಲ. ನಡುವೆ ಒಂದು ದಪ್ಪ ತುಂಡು ಹಿಡಿಗೆ ಇಟ್ಟ. ಆ ಕಡೆ ಈ ಕಡೆ ಒಂದೊಂದು ತೋಳು, ತುದಿ ಮುಂದಕ್ಕೆ ಬಾಗಿಸಿದ್ದು. ಸೇರಿಸೋಕೆ ಹುಣಸೆ ಬೆಣೆ. ಬಿಚ್ಚಿದ್ರೆ ಚೀಲದಲ್ಲಿ ಹಿಡಿಯುತ್ತೆ, ತೋಳು ಹೋದ್ರೆ ತೋಳೊಂದೇ ಬದಲಾಯಿಸಿದ್ರೆ ಸಾಕು. ಉದ್ದ ಮರಕ್ಕೆ ಗತಿ ಇಲ್ದೋನು ಮಾಡಿದ ಬಿಲ್ಲು ಅದು.

ಅವನಿಗೂ ಚಾವಡಿಯಿಂದ ಕರೆ ಬಂತು. ಹೊರಡೋವಾಗ ಹೆಂಡ್ತಿ, ಬೆಣೆ ಬಿಗಿ ಮಾಡಿದ ಹಾಗೆ ಬಾಯೂ ಬಿಗಿ ಮಾಡ್ಕೊಂಡು ಬಾ, ಮನೇಲಿ ಇರೋದು ಒಂದೇ ಬಾಚಿ ಅಂದ್ಳು. ಆಯ್ತು ಅಂದ. ಆ ಆಯ್ತು ಅನ್ನೋದನ್ನ ಅವಳು ಎಷ್ಟು ಸಲ ಕೇಳಿದ್ಳೋ.

ಹನ್ನೊಂದು ಜನ ಸೇರಿದ್ರು. ಪಾಳೇಗಾರ ಎಳೆದು ಬಿಡ್ತಾ ಬಂದ. ಮಧ್ಯಾಹ್ನದ ಹೊತ್ತಿಗೆ ಆರು ಬಿಲ್ಲು ಸೀಳಿ, ಆರು ಬಾಚಿ ಅವನ ಕಾಲ ಹತ್ರ ಬಿದ್ದಿದ್ವು. ಆರು ಜನಾನೂ ತಪ್ಪಾಯ್ತು ಒಡೆಯ ಅಂದ್ರು. ಅವರಲ್ಲೊಬ್ಬ ಮುದುಕ, ನಂದಲ್ಲ, ಮರದ್ದೇ ತಪ್ಪು ಅಂತ ಮರಕ್ಕೂ ಬೈದ.

ಕೊನೆಗೆ ನಮ್ಮೋನ ಸರದಿ. ಚೀಲದಿಂದ ಮೂರು ತುಂಡು ತೆಗೆದ. ಒಲೆಗೆ ಸೌದೆ ತಂದ್ಯಾ ಅಂತ ಪಾಳೇಗಾರ ನಕ್ಕ. ಆಳುಗಳೂ ನಕ್ಕರು, ಮೀಸೆ ಅಲ್ಲಾಡಿ ಬೈಸ್ಕೊಂಡ್ರು. ಇವ್ನು ಬೆಣೆ ಬಡಿದು, ಬಿಲ್ಲು ಜೋಡಿಸಿ, ಹೆದೆ ಏರಿಸ್ದ. ಪಾಳೇಗಾರ ಕೈ ಚಾಚಿದ. ಇವ್ನು ಕೊಡಲಿಲ್ಲ.

"ಬಾಣ ಇಟ್ಟು ಎಳೆಯೋದಾದ್ರೆ ತಗೊಳ್ಳಿ, ಒಡೆಯ," ಅಂದ. "ಬರೀ ಹೆದೆ ಬಿಡೋದಾದ್ರೆ ಕೊಡಲ್ಲ."

"ಯಾಕೋ?"

"ಬಾಣ ಇದ್ರೆ ಹೆದೆಯ ಏಟನ್ನ ಬಾಣ ತಗೊಂಡು ಹೋಗ್ತದೆ. ಇಲ್ದಿದ್ರೆ ಅಷ್ಟೂ ಏಟು ಬಿಲ್ಲಿಗೇ. ಈ ಆರೂ ಕೆತ್ತೋರ ಕೈಯಲ್ಲಿ ಸೀಳಿದ್ದಲ್ಲ. ನಿಮ್ಮ ಕೈಯಲ್ಲಿ ಸೀಳಿದ್ದು."

ಬಿಲ್ಲಾದ್ರೂ ಕೊಡು, ಬಾಚಿಯಾದ್ರೂ ಇಡು ಅಂದ ಪಾಳೇಗಾರ. ಇವ್ನು ಸೊಂಟದಿಂದ ಬಾಚಿ ತೆಗೆದು, ಆರರ ಪಕ್ಕ ಏಳನೇದಾಗಿ ತಾನೇ ಇಟ್ಟ. ಬಿಲ್ಲು ಮಾತ್ರ ಎದೆಗವಚಿ ನಿಂತ. ಬಾಚಿ ಇಲ್ದೆ ಯಾವುದ್ರಲ್ಲಿ ಕೆತ್ತೀಯ ಅಂತ ಪಾಳೇಗಾರ ಕೇಳ್ದ. ಹಲ್ಲಲ್ಲಿ ಕೆತ್ತುತ್ತೀನಿ ಅಂದ.

ಅವನನ್ನ ಹೊಡೆಸಬಹುದಿತ್ತು. ಆದ್ರೆ ಹೊಡೆಸಿದ್ರೆ ಅವನ ಮಾತು ನಿಜ ಅಂತ ಒಪ್ಕೊಂಡ ಹಾಗೆ. ಉಳಿದ ಹತ್ತು ಜನ ತಲೆ ಎತ್ತಿ ನೋಡ್ತಾ ಇದ್ರು. ಸರಿ, ಬಾಣ ತನ್ನಿ ಅಂದ ಪಾಳೇಗಾರ.

ಬಾಣ ಇರ್ಲಿಲ್ಲ. ಇಪ್ಪತ್ತು ವರ್ಷದಿಂದ ಬಿಲ್ಲು ಬಿಲ್ಲು ಹೋಲಿಸ್ತಿದ್ದ ಚಾವಡಿ. ಗೋಡೆ ತುಂಬಾ ಹಾರ ಹಾಕಿದ ಬಿಲ್ಲು. ಬಾಣ ಒಂದೂ ಇಲ್ಲ. ಆಯುಧದ ಕೋಣೆ ತೆಗೆದ್ರೆ, ಇದ್ದದ್ದನ್ನ ಗೆದ್ದಲು ತಿಂದಿತ್ತು. ಕೊನೆಗೆ ಕೆತ್ತೋನೇ ಚೀಲದಿಂದ ಒಂದು ಬಾಣ ತೆಗೆದು ಕೊಟ್ಟ. ಪಾಳೇಗಾರ ಅದನ್ನ ತಿರುಗಿಸಿ ತಿರುಗಿಸಿ ನೋಡ್ದ. ಗರಿ ಇರೋದು ಮುಂದೋ ಹಿಂದೋ ಗೊತ್ತಾಗ್ಲಿಲ್ಲ. ನೀನೇ ಹೊಡಿ ಅಂತ ವಾಪಸ್ ಕೊಟ್ಟ.

ಕೆತ್ತೋನ ಬಿಲ್ಲು ಹಗುರದ್ದು. ಪೂರ್ತಿ ಎಳೆದು ಹಿಡಿದ್ರೂ ಅವನ ಕೈ ನಡುಗ್ತಿರ್ಲಿಲ್ಲ. ಒಂದು ಎಲೆ ಅಡಿಕೆ ಅಗಿದು ಉಗಿಯೋಷ್ಟು ಹೊತ್ತು ಹಿಡ್ಕೊಂಡಿದ್ದ. ಆಮೇಲೆ ಬಿಟ್ಟ. ಪಾಳೇಗಾರ ಅಭ್ಯಾಸದ ಹಾಗೆ ಕಣ್ಣು ಮುಚ್ಚಿ ಕಿವಿ ಕೊಟ್ಟ. ಮೊಳಗೇ ಇಲ್ಲ. ಕಣ್ಣು ಬಿಟ್ಟಾಗ ಬಾಣ ಹೋಗಿತ್ತು, ಬಿಲ್ಲು ಹಾಗೇ ಇತ್ತು.

ಕೆತ್ತೋನು ಬಗ್ಗಿ ತನ್ನ ಬಾಚಿ ಎತ್ಕೊಂಡ. ಯಾರ ಅಪ್ಪಣೇನೂ ಕೇಳ್ಲಿಲ್ಲ. ಅವನ ಹಿಂದೆ, ಮರಕ್ಕೆ ಬೈದಿದ್ದ ಮುದುಕ ಬಂದು ತನ್ನದನ್ನ ಎತ್ಕೊಂಡ. ಆಮೇಲೆ ಉಳಿದ ಐದು ಜನ. ತಡೀರಿ ಅಂತ ಪಾಳೇಗಾರ ಕೂಗ್ದ. ತಡೆಯೋ ಆಳುಗಳ ಕೈಯಲ್ಲಿ ಮೀಸೆ ಇತ್ತು. ಹನ್ನೊಂದು ಜನಾನೂ ಚಾವಡಿ ಮೆಟ್ಟಿಲು ಇಳಿದು ಹೋದ್ರು. ಮಾರನೇ ವರ್ಷ ಕರೆ ಹೋದಾಗ ಒಬ್ಬನೂ ಬರಲಿಲ್ಲ.

ಬಾಣ ಏನಾಯ್ತು ಅಂತ ಹೇಳೋದೇ ಬಿಟ್ಟು ಹೋಗಿತ್ತು. ಅದು ಚಾವಡಿ ಬಾಗಿಲು ದಾಟಿ, ಕೋಟೆ ಗೋಡೆ ಮೇಲೆ ಹಾರಿ, ಮಾಳಿಗೆ ಮೇಲೆ ಸಂಡಿಗೆ ಕಾಯ್ತಿದ್ದ ಒಬ್ಬಳ ಬದಲು ಒಂದು ಕಾಗೆ ಓಡಿಸಿ, ಎರಡು ಹೊಳೆ ದಾಟಿ, ಪಕ್ಕದ ಸೀಮೆಯ ಸುಂಕದೋನು ನಿಲ್ಲು ಅನ್ನೋದ್ರೊಳಗೆ ಅವನನ್ನೂ ದಾಟಿ ಹೋಯ್ತು.

"ಹೋಗಿ ಎಲ್ಲಿ ಬಿತ್ತು?" ಅಂದ ತಿಪ್ಪೇಶ.

"ಇನ್ನೂ ಬಿದ್ದಿಲ್ಲ," ಅಂದೆ.

ಅವ್ನು ಕಲ್ಲಿಂದ ಎದ್ದೇ ಬಿಟ್ಟ. "ಸಿಕ್ಕಿಬಿದ್ರಿ ತಾತ. ಇದು ಶುದ್ಧ ಸುಳ್ಳು. ಬಿಟ್ಟ ಬಾಣ ಎಲ್ಲಾದ್ರೂ ಬೀಳಲೇಬೇಕು."

"ನಂದು ಸುಳ್ಳೇ ಇರ್ಲಿ ಕಣಪ್ಪ, ನಿಂದು ಎಲ್ಲಿ ಬಿತ್ತು, ಹೇಳು."