ಕತ್ತರಿ ಕಾಣದ ಮಲ್ಲಿಗೆ

"ಗುರುಗಳೇ, ನನ್ನ ಮೊದಲ ಗುರುಗಳು ತೀರಿಕೊಂಡು ಮೂರು ವರ್ಷವಾಯಿತು. ಅವರು ಹೇಳಿಕೊಟ್ಟದ್ದರಲ್ಲಿ ಒಂದಕ್ಷರವನ್ನೂ ನಾನು ಆಚೀಚೆ ಮಾಡಿಲ್ಲ. ದಿನವೂ ಹಾಗೆಯೇ ಒಪ್ಪಿಸುತ್ತೇನೆ. ಆದರೂ ಅದು ನನ್ನೊಳಗೆ ಒಣಗುತ್ತಿದೆ. ನನ್ನ ಭಕ್ತಿಯಲ್ಲಿ ಏನು ಕೊರತೆ?" ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ಮುದುಕಿ ಇದ್ದಳು. ಅವಳ ಅಂಗಳದಲ್ಲಿ ಗಂಡ ನೆಟ್ಟ ಮಲ್ಲಿಗೆ ಗಿಡವಿತ್ತು. ಪ್ರತಿ ವರ್ಷ ಪುಷ್ಯಮಾಸ ಬಂತೆಂದರೆ ಆತ ಅದಕ್ಕೆ ನೀರು ನಿಲ್ಲಿಸುತ್ತಿದ್ದ. ಎಲೆಗಳನ್ನು ಉದುರಿಸಿ, ರೆಂಬೆಗಳನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿ, ಬುಡದ ಮಣ್ಣು ಬಿಡಿಸಿ ಬಿಸಿಲಿಗೆ ಒಡ್ಡುತ್ತಿದ್ದ. ನೋಡಿದವರು ಗಿಡ ಸತ್ತೇ ಹೋಯಿತು ಅನ್ನಬೇಕು. ವಾರ ಕಳೆದ ಮೇಲೆ ಹಳೆಯ ಗೊಬ್ಬರ ಹಾಕಿ ನೀರು ಬಿಟ್ಟರೆ, ಯುಗಾದಿಯ ಹೊತ್ತಿಗೆ ಕೇರಿಗೆಲ್ಲ ಹಂಚುವಷ್ಟು ಮೊಗ್ಗು. ಮಗಳ ಮದುವೆಗೆ ಮೊಗ್ಗಿನ ಜಡೆ ಹೆಣೆದದ್ದು ಅದರಲ್ಲೇ. ಮೊಮ್ಮಗಳ ಜಡೆಗೂ ಇದೇ ಗಿಡ ಎಂದು ಆತ ಮಾತು ಕೊಟ್ಟಿದ್ದ.

ಒಂದು ಮಳೆಗಾಲದಲ್ಲಿ ಆತ ತೀರಿಕೊಂಡ. ಮುದುಕಿ ಅವನ ಕತ್ತರಿಯನ್ನು ದೇವರ ಗೂಡಿನ ಪಕ್ಕ ಮೊಳೆಗೆ ತೂಗುಹಾಕಿ ಕುಂಕುಮ ಇಟ್ಟಳು. ಪುಷ್ಯ ಬಂತು. ಮೊಮ್ಮಗಳಿಗೆ ಚೈತ್ರದಲ್ಲಿ ಲಗ್ನ ಗೊತ್ತಾಗಿತ್ತು. ಪಕ್ಕದ ಹೂದೋಟದವನು ಬಂದು, "ಅಮ್ಮಾ, ಕತ್ತರಿಸೋ ಕಾಲ ಮೀರ್ತಾ ಇದೆ. ನಾನೇ ಮಾಡಿಕೊಡ್ಲಾ?" ಅಂದ.

"ಬೇಡಪ್ಪ. ಇವೆಲ್ಲ ಅವರ ಕೈ ಸೋಕಿದ ರೆಂಬೆ. ಅವರು ಬಿಟ್ಟು ಹೋದ ಹಾಗೇ ಇರಲಿ."

ಅಷ್ಟಕ್ಕೇ ಸುಮ್ಮನಾಗಲಿಲ್ಲ ಅವಳು. ದಿನಕ್ಕೆ ಎರಡು ಹೊತ್ತು ನೀರೆರೆದಳು. ಒಂದು ಹಣ್ಣೆಲೆ ಉದುರಿದರೂ ಎತ್ತಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಗಿಡ ಆಳೆತ್ತರ ಬೆಳೆಯಿತು. ಅಂಗಳದ ತುಂಬ ನೆರಳಾಯಿತು. ಆದರೆ ನೆರಳನ್ನು ಯಾರ ಜಡೆಗೆ ಮುಡಿಸಲಿಕ್ಕಾಗುತ್ತದೆ?

ಮದುವೆಯ ಹಿಂದಿನ ದಿನ ಅವಳು ಬುಟ್ಟಿ ಹಿಡಿದು ಗಿಡವನ್ನು ಸುತ್ತಿದಳು. ಅಲ್ಲೊಂದು ಇಲ್ಲೊಂದು ಮೊಗ್ಗು ಸಿಕ್ಕಿತು. ಬುಟ್ಟಿಯ ತಳವೂ ಮುಚ್ಚಲಿಲ್ಲ. ಜಡೆಗೆ ಪೇಟೆಯ ಮೊಗ್ಗೇ ತರಬೇಕಾಯಿತು. ಮುದುಕಿ ಗಿಡದ ಬುಡದಲ್ಲಿ ಕುಳಿತು ಅತ್ತಳು.

"ಅವರ ಮಾತು ಉಳಿಸೋಕೆ ನನ್ನಿಂದ ಆಗಲಿಲ್ಲವಲ್ಲ. ಅವರು ಬಿಟ್ಟ ಹಾಗೇ ಇಟ್ಟಿದ್ದೆ ಕಣೇ, ಒಂದು ಎಲೆ ಕೀಳಲಿಲ್ಲ."

ಮೊಮ್ಮಗಳು ಪಕ್ಕದಲ್ಲಿ ಕುಳಿತು ಅವಳ ಕಣ್ಣೊರೆಸಿದಳು. "ಅಜ್ಜೀ, ತಾತ ಯಾವ ವರ್ಷ ಇದನ್ನ ಇದ್ದ ಹಾಗೇ ಬಿಟ್ಟಿದ್ರು?" ಎಂದು ಕೇಳಿದಳು.

ಮುದುಕಿ ಸೆರಗು ಕೊಡವಿ ಎದ್ದಳು. ಆಮೇಲೆ ಒಳಗೆ ಹೋಗಿ, ಮೊಳೆಯಿಂದ ಕತ್ತರಿ ಇಳಿಸಿ, ಅದರ ಕುಂಕುಮ ಒರೆಸಿದಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. "ಮುಂದಿನ ವರ್ಷ ಹೂ ಬಿಟ್ಟಿತೇ, ಗುರುಗಳೇ?"

"ಅದು ಹಾಗಿರಲಿ, ನಿನ್ನ ಗುರುಗಳು ನಿನ್ನ ಕೈಗೆ ಕೊಟ್ಟು ಹೋದದ್ದು ಗಿಡವನ್ನೋ, ಕತ್ತರಿಯನ್ನೋ?"