ಆಟಿಕೆ ಅಂಗಡಿಗೆ ಚೀನಾ ರಜೆ

ನನ್ನನ್ನು ಹೊತ್ತಿರೋ ಮೊಳೆಯಪ್ಪಾ, ಮೆಲ್ಲಗೆ ಹೇಳ್ತೀನಿ, ಯಾರ ಮುಂದೆಯೂ ಬಾಯಿ ಬಿಡಬೇಡ. ನಾನು ಈ ಆಟಿಕೆ ಅಂಗಡಿಯ ಗೋಡೆ ಕ್ಯಾಲೆಂಡರು, ಸುಳ್ಳು ಹೇಳೋಳಲ್ಲ.

ನಮಗೆ ಆಟಿಕೆ ಕಳಿಸೋ ಚೀನಾದ ಕಾರ್ಖಾನೆ ಯಾವತ್ತು ಮುಚ್ಚಿರುತ್ತೆ ಅಂತ ತಿಳಿಯಲಿ ಅಂತ ಯಜಮಾನರು ಪಕ್ಕದ ಮೇಜಿನ ಕಂಪ್ಯೂಟರಿಗೆ ಅಲ್ಲಿನ ರಜೆಗಳನ್ನು ತುಂಬಿಸಿದರು. ಆ ಬಿನ್ನಾಣಗಿತ್ತಿ ಅವನ್ನೆಲ್ಲ ನಮ್ಮ ಅಂಗಡಿಯ ರಜೆ ಅಂತಲೇ ಸಾರಿಬಿಟ್ಟಳು! ಅವರ ಹೊಸ ವರ್ಷಕ್ಕೆ ನಮ್ಮ ಬಾಗಿಲು ವಾರವಿಡೀ ಬಂದ್. ವರ್ಷದ ರಜೆಯೆಲ್ಲ ಅದರಲ್ಲೇ ಮುಗಿಯಿತು ಅಂತ ಈಗ ಕೆಲಸದ ರೇವಮ್ಮನಿಗೆ ಯುಗಾದಿಗೂ ರಜೆ ಇಲ್ಲವಂತೆ. ಪಾಪ, ಮೊಮ್ಮಗಳ ಮೊದಲ ಹಬ್ಬ.

ನಾನು ಬಿಡ್ತೀನಾ? “ಎಲೇ, ನಾಳೆಯೇ ಯುಗಾದಿ! ನನ್ನ ಮೈಮೇಲೆ ಕೆಂಪಕ್ಷರದಲ್ಲಿದೆ, ಕಣ್ಣಿಲ್ಲವೇನೇ?” ಅಂತ ಆ ಕಂಪ್ಯೂಟರಿಗೆ ಅಂದೆ.

ಅವಳು ಮುಖಕ್ಕೇ ಹೇಳಿದಳು: “ಅಜ್ಜೀ, ಯುಗಾದಿಗೆ ಇನ್ನೂ ಹತ್ತೊಂಬತ್ತು ದಿನ ಇದೆ. ನೀವು ಹೋದ ವರ್ಷದವರು. ಲಕ್ಷ್ಮಿ ಚಿತ್ರ ಚೆನ್ನಾಗಿದೆ ಅಂತ ನಿಮ್ಮನ್ನು ಇಳಿಸಿಲ್ಲ, ಅಷ್ಟೇ.”